ಆ ಚುಕ್ಕಿಗಳು ಯಾರವು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಮೆಲ್ಬರ್ನ್‌ನಲ್ಲಿ ಗ್ರಾಫಿಕ್ ಡಿಸೈನರ್. ಇಲ್ಲಿನ ಒಂದು ಆಸ್ಪತ್ರೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಜೊತೆ ತನ್ನ ಸಂಬಂಧ ಸುಧಾರಿಸಿಕೊಳ್ಳಲು ಒಂದು ಯೋಜನೆ ಹಾಕಿಕೊಂಡಿದೆ. ಅದರ ಪುಸ್ತಿಕೆಗೆ ಮುಖಪುಟ ಮತ್ತು ಜುಲೈನಲ್ಲಿ ಮೂಲನಿವಾಸಿಗಳ ಸಂಸ್ಕೃತಿಯನ್ನು ಆಚರಿಸುವ ನೈಡಾಕ್ ವಾರಕ್ಕೆ ಒಂದು ಪೋಸ್ಟರ್ ಮಾಡಿಕೊಡಬೇಕು. "ಚುಕ್ಕಿ ಚುಕ್ಕಿ ಚಿತ್ರ ಇರಲಿ, ಮಣ್ಣಿನ ಬಣ್ಣ ಇರಲಿ, ನೋಡಿದ ತಕ್ಷಣ ಅಬೊರಿಜಿನಲ್ ಅಂತ ಗೊತ್ತಾಗಬೇಕು" ಎಂದು ಹೇಳಿದ್ದಾರೆ. ರೆಡಿಮೇಡ್ ಚಿತ್ರ ಮಾರುವ ಸ್ಟಾಕ್ ಸೈಟ್‌ಗಳಲ್ಲಿ ಇಂಥವು ಬೇಕಾದಷ್ಟಿವೆ. ದುಡ್ಡು ಕೊಟ್ಟು ತಗೊಂಡರೆ ತಪ್ಪಿಲ್ಲ ಅಲ್ವಾ? ಅಥವಾ ನೋಡಿ ಕಲಿತು ನಾನೇ ಬಿಡಿಸಬಹುದಾ? ಗೌರವದಿಂದಲೇ ಮಾಡಬೇಕು ಅಂತ ನನ್ನ ಆಸೆ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುತ್ತಿಲ್ಲ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸ್ಟಾಕ್ ಚಿತ್ರ ಬೇಡ. ನೋಡಿ ಕಲಿತು ನೀವೇ ಬಿಡಿಸುವುದೂ ಬೇಡ. ಹಾಗಂತ ಕೆಲಸವನ್ನೇ ಬಿಟ್ಟುಬಿಡಿ ಎಂದು ಹೇಳುತ್ತಿಲ್ಲ. ಡಿಸೈನರ್ ಆಗಿ ನಿಮಗೆ ಇದರಲ್ಲಿ ಮಾಡಲು ಬಹಳಷ್ಟಿದೆ. ಆ ಚಿತ್ರ ಬಿಡಿಸುವ ಕೆಲಸ ಮಾತ್ರ ಬೇರೆಯವರದು.

ಯಾಕೆ ಅಂತ ಹೇಳಲು ನಿಮ್ಮ ಕ್ಲೈಂಟ್ ಕೇಳಿದ ಚುಕ್ಕಿಯಿಂದಲೇ ಶುರು ಮಾಡುತ್ತೇನೆ.

ಮೆಲ್ಬರ್ನ್ ನಗರ ಇರುವುದು ಕುಲಿನ್ ಜನರ ನೆಲದಲ್ಲಿ. ಅವರಲ್ಲಿ ವುರುಂಡ್ಜೆರಿ ವೊಯ್-ವುರಂಗ್ ಮತ್ತು ಬುನುರಂಗ್ ಜನ ಇಲ್ಲಿನ ಮೂಲ ಒಡೆಯರು. ಅವರ ಕಲೆಯಲ್ಲಿ ಎದ್ದು ಕಾಣುವುದು ಗೆರೆ. ಮರದ ಗುರಾಣಿಯ ಮೇಲೆ ಒತ್ತೊತ್ತಾಗಿ ಕೆತ್ತಿದ ಗೆರೆಗಳು, ವಜ್ರಾಕಾರದ ಮನೆಗಳು, ಅಂಕುಡೊಂಕು ಪಟ್ಟಿಗಳು. ಪೊಸಮ್ ಎಂಬ ಪ್ರಾಣಿಯ ಚರ್ಮಗಳನ್ನು ಜೋಡಿಸಿ ಹೊಲಿದ ದೊಡ್ಡ ಹೊದಿಕೆಗಳಿದ್ದವು. ಅವುಗಳ ಒಳಮೈ ಮೇಲೂ ಗೆರೆಗಳನ್ನು ಗೀರುತ್ತಿದ್ದರು. 1903ರಲ್ಲಿ ತೀರಿಕೊಂಡ ವುರುಂಡ್ಜೆರಿ ಹಿರಿಯ ವಿಲಿಯಂ ಬರಾಕ್ ಬಿಡಿಸಿದ ಚಿತ್ರಗಳು ಇವತ್ತಿಗೂ ಉಳಿದಿವೆ. ಅವುಗಳಲ್ಲಿ ಜನ ಆ ಹೊದಿಕೆಗಳನ್ನು ಹೊದ್ದು ಸಾಲಾಗಿ ನಿಂತಿರುತ್ತಾರೆ. ದಯವಿಟ್ಟು ಒಮ್ಮೆ ಹುಡುಕಿ ನೋಡಿ. ಡಿಸೈನರ್ ಕಣ್ಣಿಗೆ ಅದು ಹಬ್ಬ.

ನಿಮ್ಮ ಕ್ಲೈಂಟ್ ಮನಸ್ಸಿನಲ್ಲಿರುವ ಚುಕ್ಕಿ ಬಂದದ್ದು ಇಲ್ಲಿಂದ ಸುಮಾರು 2,000 ಕಿಲೋಮೀಟರ್ ದೂರದ ಮರುಭೂಮಿಯಿಂದ. ಆಲಿಸ್ ಸ್ಪ್ರಿಂಗ್ಸ್‌ನಿಂದಾಚೆ ಪಪುನ್ಯಾ ಎಂಬ ಊರಿದೆ. 1971ರಲ್ಲಿ ಅಲ್ಲಿನ ಹಿರಿಯ ಗಂಡಸರು ಶಾಲೆಯ ಗೋಡೆ ಮೇಲೆ ತಮ್ಮ ಜೇನಿರುವೆಯ ಕಥೆಯನ್ನು ಬಿಡಿಸಿದರು. ನೆಲದ ಮೇಲೆ, ಮೈ ಮೇಲೆ ಬರೆಯುತ್ತಿದ್ದ ಆಕಾರಗಳು ಹೀಗೆ ಗೋಡೆಗೆ, ಹಲಗೆಗೆ, ಆಮೇಲೆ ಕ್ಯಾನ್ವಾಸಿಗೆ ಬಂದವು. 1972ರಲ್ಲಿ ಅವರದೇ ಕಲಾವಿದರ ಕಂಪನಿ ಪಪುನ್ಯಾ ತುಲಾ ಹುಟ್ಟಿತು. ಮೊದಲ ಹಲಗೆಗಳಲ್ಲಿ ಹೊರಗಿನವರು ನೋಡಬಾರದ ಸಂಗತಿಗಳೂ ಇವೆ ಎಂದು ನೆರೆಯ ಸಮುದಾಯಗಳು ನೊಂದುಕೊಂಡವು. ಅಂಥ ಭಾಗಗಳನ್ನು ಬಿಟ್ಟು, ಮುಚ್ಚಿ ಬಿಡಿಸುವ ರೂಢಿ ಬಂದಂತೆಲ್ಲ ಚುಕ್ಕಿಗಳು ಹೆಚ್ಚಾದವು ಎಂದು ಹೇಳುತ್ತಾರೆ. ಅಂದರೆ ಹೊರಗಿನವರಿಗೆ ಸುಮ್ನೆ ಅಲಂಕಾರದ ಹಾಗೆ ಕಾಣುವ ಚುಕ್ಕಿ ಕೆಲವು ಕಡೆ ಪರದೆಯ ಕೆಲಸ ಮಾಡುತ್ತಿದೆ.

ಇನ್ನು ಉತ್ತರದ ಆರ್ನೆಮ್ ಲ್ಯಾಂಡ್‌ಗೆ ಹೋದರೆ ಮರದ ತೊಗಟೆಯ ಮೇಲೆ ಕೂದಲೆಳೆಯಷ್ಟು ತೆಳುವಾದ ಅಡ್ಡ-ಓರೆ ಗೆರೆಗಳ ಹೆಣಿಗೆ. ಅದನ್ನು ರಾರ್ಕ್ ಎನ್ನುತ್ತಾರೆ. ವಾಯುವ್ಯದ ಕಿಂಬರ್ಲಿಯ ಬಂಡೆಗಳ ಮೇಲೆ ಬಾಯಿಲ್ಲದ, ದೊಡ್ಡ ಕಣ್ಣಿನ ಮಳೆದೇವತೆ ವಾಂಜಿನಾ ಇದ್ದಾನೆ. ಅವನನ್ನು ಬಿಡಿಸುವ ಹಕ್ಕು ಮೂರು ಜನಾಂಗಗಳಿಗೆ ಮಾತ್ರ. ಟೊರೆಸ್ ಸ್ಟ್ರೇಟ್ ದ್ವೀಪಗಳ ಜನ ಬೇರೆಯೇ, ಅವರ ಕಲೆಯೂ ಬೇರೆಯೇ. ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. "ಅಬೊರಿಜಿನಲ್ ಸ್ಟೈಲ್" ಎಂಬ ಒಂದೇ ಸ್ಟೈಲ್ ಇಲ್ಲ. ಮೆಲ್ಬರ್ನ್‌ನ ಆಸ್ಪತ್ರೆಯ ಪುಸ್ತಿಕೆಗೆ ಮರುಭೂಮಿಯ ಚುಕ್ಕಿ ಹಾಕಿದರೆ, ಇಲ್ಲಿನ ನೆಲದವರಿಗೆ ಅದು ನಮ್ಮದಲ್ಲ ಎಂದು ಗೊತ್ತಾಗುತ್ತದೆ. ಮರುಭೂಮಿಯವರಿಗೆ, ನಮ್ಮನ್ನು ಕೇಳಲಿಲ್ಲ ಎಂದು ಗೊತ್ತಾಗುತ್ತದೆ. ಸಂಬಂಧ ಸುಧಾರಿಸಲು ಹೊರಟ ಪುಸ್ತಿಕೆಯೇ ಎರಡೂ ಕಡೆಯವರನ್ನು ನೋಯಿಸಿದ ಹಾಗಾಯಿತು.

"ನಾನೇ ಬಿಡಿಸಿದರೆ?" ಎಂಬ ನಿಮ್ಮ ಪ್ರಶ್ನೆ ಪ್ರಾಮಾಣಿಕವಾದದ್ದು. ನಮಗೆ ಡಿಸೈನ್ ಕಲಿಸುವುದೇ ಹಾಗೆ ಅಲ್ವಾ? ಒಳ್ಳೆಯದನ್ನು ನೋಡು, ಅದರ ಲಯ ಹಿಡಿ, ನಿನ್ನದಾಗಿಸಿಕೊ. ಇಲ್ಲಿ ಆ ಪಾಠ ನಡೆಯುವುದಿಲ್ಲ. ಇಲ್ಲಿ ಒಂದು ಚಿತ್ರವೆಂದರೆ ಒಂದು ಜಾಗದ ಕಥೆ. ಆ ಕಥೆ ಒಂದು ಮನೆತನದ, ಒಂದು ಕುಲದ ಸುಪರ್ದಿನಲ್ಲಿರುತ್ತದೆ. ಅದನ್ನು ಯಾರು ಬಿಡಿಸಬಹುದು, ಯಾರು ನೋಡಬಹುದು, ಎಲ್ಲಿ ತೋರಿಸಬಹುದು ಎಂಬುದಕ್ಕೆ ಕಟ್ಟಳೆ ಇದೆ. ಬಿಡಿಸಿದ ಕಲಾವಿದನಿಗೂ ಪೂರ್ತಿ ಸ್ವಾತಂತ್ರ್ಯ ಇಲ್ಲ. ಅವನು ಕುಲದ ಪರವಾಗಿ ಕಾಯುವವನು.

ಇದನ್ನು ಮರೆತಾಗ ಏನಾಯಿತು ಎನ್ನುವುದಕ್ಕೆ ಆಸ್ಟ್ರೇಲಿಯಾದಲ್ಲೇ ದಾಖಲೆಗಳಿವೆ. 1966ರಲ್ಲಿ ಹೊಸ ಒಂದು ಡಾಲರ್ ನೋಟು ಬಂತು. ಅದರ ಮೇಲೆ ಆರ್ನೆಮ್ ಲ್ಯಾಂಡ್‌ನ ಡೇವಿಡ್ ಮಲಂಗಿ ತೊಗಟೆಯ ಮೇಲೆ ಬಿಡಿಸಿದ್ದ ಚಿತ್ರವಿತ್ತು. ಅವರನ್ನು ಯಾರೂ ಕೇಳಿರಲಿಲ್ಲ. ಚಿತ್ರ ಬರೆದವರು ಬದುಕಿದ್ದಾರೆ, ಅವರಿಗೊಂದು ಹೆಸರಿದೆ ಎಂಬುದೇ ಯಾರಿಗೂ ಹೊಳೆದಿರಲಿಲ್ಲ. ವಿಷಯ ಹೊರಬಂದ ಮೇಲೆ ರಿಸರ್ವ್ ಬ್ಯಾಂಕ್ ಅವರಿಗೆ ಒಂದು ಸಾವಿರ ಡಾಲರ್, ಒಂದು ಪದಕ ಮತ್ತು ಮೀನು ಹಿಡಿಯುವ ಸಾಮಾನು ಕೊಟ್ಟಿತು.

ಮತ್ತೊಂದು, ಕಾರ್ಪೆಟ್ ಕೇಸ್ ಎಂದೇ ಹೆಸರಾದದ್ದು. ಪ್ರಕಟವಾಗಿದ್ದ ಅಬೊರಿಜಿನಲ್ ಚಿತ್ರಗಳನ್ನು ನಕಲು ಮಾಡಿ ವಿಯೆಟ್ನಾಂನಲ್ಲಿ ಕಾರ್ಪೆಟ್ ನೇಯಿಸಿ ತಂದು ಮಾರಿದರು. ಪವಿತ್ರ ಕಥೆಗಳ ಮೇಲೆ ಜನ ಕಾಲಿಟ್ಟು ಓಡಾಡುವಂತಾಯಿತು. 1994ರಲ್ಲಿ ಫೆಡರಲ್ ಕೋರ್ಟ್ ಎಂಟು ಕಲಾವಿದರ ಪರ ಸುಮಾರು 1,88,640 ಡಾಲರ್ ಪರಿಹಾರ ಕೊಡಿಸಿತು. ಹಣದ ನಷ್ಟದ ಜೊತೆಗೆ, ಕಲಾವಿದರು ತಮ್ಮ ಸಮುದಾಯದಲ್ಲಿ ಅನುಭವಿಸಿದ ನೋವು, ಅವಮಾನಗಳನ್ನೂ ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡಿತು. ಯಾಕೆಂದರೆ ಬೇರೆಯವರು ಕದ್ದರೂ ಕುಲದವರ ಮುಂದೆ ಜವಾಬು ಕೊಡಬೇಕಾದವರು ಕಲಾವಿದರೇ. ಆ ಎಂಟು ಜನರಲ್ಲಿ ಐವರು ಆಗಲೇ ತೀರಿಕೊಂಡಿದ್ದರು. ತೀರಿಹೋದವರ ಹೆಸರು ಎತ್ತಬಾರದು ಎಂಬ ಅವರ ಪದ್ಧತಿಗೆ ಗೌರವ ಕೊಟ್ಟು ತೀರ್ಪಿನಲ್ಲೂ ಅವರ ಹೆಸರು ಹಾಕಲಿಲ್ಲ. ನಿಮ್ಮ ಪುಸ್ತಿಕೆಯಲ್ಲಿ ತೀರಿಹೋದವರ ಫೋಟೊ, ಹೆಸರು ಬರುವುದಿದ್ದರೆ ಮೊದಲು ಮನೆಯವರನ್ನು ಕೇಳಿ.

ನನ್ನನ್ನು ಹೆಚ್ಚು ಕಾಡುವುದು ಮೂರನೆಯದು. 1988ರಲ್ಲಿ ಹತ್ತು ಡಾಲರಿನ ವಿಶೇಷ ನೋಟು ಬಂತು. ಅದರ ಮೇಲೆ ಟೆರಿ ಯುಂಬುಲುಲ್ ಮಾಡಿದ ಬೆಳ್ಳಿಚುಕ್ಕಿ ಕಂಬದ ಚಿತ್ರ. ಸಾವಿನ ಆಚರಣೆಗೆ ಸೇರಿದ ಕಂಬ ಅದು. ಈ ಸಲ ಕಾಗದ ಪತ್ರ ಎಲ್ಲ ಇತ್ತು. ಲೈಸೆನ್ಸ್ ಇತ್ತು, ಸಹಿ ಇತ್ತು. ಆದರೆ ಕುಲದವರು ಅವರನ್ನೇ ತರಾಟೆಗೆ ತೆಗೆದುಕೊಂಡರು. ಅವರು ಕೋರ್ಟಿಗೆ ಹೋದರು, ಸೋತರು. ಇಂಥ ಚಿತ್ರಗಳ ಮೇಲೆ ಸಮುದಾಯಕ್ಕಿರುವ ಹಕ್ಕನ್ನು ಆಸ್ಟ್ರೇಲಿಯಾದ ಕಾನೂನು ಸಾಕಷ್ಟು ಗುರುತಿಸುವುದಿಲ್ಲ ಎಂದು ನ್ಯಾಯಾಧೀಶರೇ ಹೇಳಿದರು. ನೀವು ಸ್ಟಾಕ್ ಸೈಟಿಗೆ ಕೊಡುವ ದುಡ್ಡು ಯಾಕೆ ಸಾಲದು ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಕಾಪಿರೈಟ್ ಒಬ್ಬ ವ್ಯಕ್ತಿಯ ಒಂದು ಕೃತಿಯನ್ನು ಕಾಯುತ್ತದೆ, ಅದೂ ಅವರು ತೀರಿಕೊಂಡ ಮೇಲೆ 70 ವರ್ಷದವರೆಗೆ. ಸ್ಟೈಲನ್ನು ಕಾಯುವುದಿಲ್ಲ, ಸಾವಿರಾರು ವರ್ಷದ ಕಥೆಯನ್ನೂ ಕಾಯುವುದಿಲ್ಲ. ಕಾನೂನಿನ ಪ್ರಕಾರ ಸರಿ ಇದ್ದರೂ ತಪ್ಪು ನಡೆದುಹೋಗಬಹುದು.

ಸ್ಟಾಕ್ ಚಿತ್ರದ ಬಗ್ಗೆ ಇನ್ನೊಂದು ಮಾತು. ಮೂಲನಿವಾಸಿ ಶೈಲಿ ಎಂದು ಆಸ್ಟ್ರೇಲಿಯಾದಲ್ಲಿ ಮಾರಾಟವಾಗುವ ಸ್ಮರಣಿಕೆ, ಬಟ್ಟೆಬರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿ ಎಂದು ಅಲ್ಲಿನ ಸರ್ಕಾರದ ಪ್ರೊಡಕ್ಟಿವಿಟಿ ಕಮಿಷನ್ 2022ರಲ್ಲಿ ವರದಿ ಕೊಟ್ಟಿತು. ಅವುಗಳ ಹಿಂದೆ ಮೂಲನಿವಾಸಿ ಕಲಾವಿದರೂ ಇಲ್ಲ, ಅವರಿಗೆ ಒಂದು ಕಾಸೂ ಹೋಗುವುದಿಲ್ಲ. ಎಐಗೆ ಹೇಳಿ ಮಾಡಿಸಿದ ಚಿತ್ರವೂ ಅಷ್ಟೇ. ಅಲ್ಲಂತೂ ಕೇಳಲು ಒಬ್ಬ ಮನುಷ್ಯನೂ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಜನರನ್ನು ಹುಡುಕಿ. ಕೆಲಸದ ಕೊನೆಯಲ್ಲಿ ಒಪ್ಪಿಗೆ ಕೇಳಲು ಹೋಗುವುದಲ್ಲ. ಇನ್ನೂ ಒಂದು ಗೆರೆಯೂ ಎಳೆಯದಿರುವಾಗಲೇ ಹೋಗಬೇಕು. ಇಂಟರ್‌ನ್ಯಾಷನಲ್ ಇಂಡಿಜಿನಸ್ ಡಿಸೈನ್ ಚಾರ್ಟರ್ ಎಂಬ ಹತ್ತು ಅಂಶಗಳ ಕೈಪಿಡಿ 2018ರಲ್ಲಿ ಬಂತು. ಅದು ಹುಟ್ಟಿದ್ದೂ ಆಸ್ಟ್ರೇಲಿಯಾದಲ್ಲೇ ಶುರುವಾದ ಕೆಲಸದಿಂದ. ಅದರ ಮೊದಲ ಅಂಶವೇ ಕೆಲಸದ ಮುಂದಾಳತ್ವ ಮೂಲನಿವಾಸಿಗಳದ್ದಿರಬೇಕು ಎನ್ನುವುದು. ಉಳಿದ ಒಂಬತ್ತನ್ನು ನಿಧಾನವಾಗಿ ಓದಿ. ಮೊದಲನೆಯದನ್ನು ಬಿಟ್ಟು ಉಳಿದವನ್ನು ಪಾಲಿಸಲು ಹೋದರೆ ಯಾವುದೂ ನಿಲ್ಲುವುದಿಲ್ಲ ಎಂಬುದು ನನ್ನ ಅನುಭವ.

ಮೆಲ್ಬರ್ನ್‌ನಲ್ಲಿ ನಿಮಗೆ ದಾರಿ ಸುಲಭ. ವುರುಂಡ್ಜೆರಿ ಜನರ ಪಾರಂಪರಿಕ ವಿಷಯಗಳನ್ನು ನೋಡಿಕೊಳ್ಳುವ ಅವರದೇ ನಿಗಮ ಇದೆ. ಆಸ್ಪತ್ರೆ ಇರುವ ಜಾಗ ಬುನುರಂಗ್ ನೆಲವಾಗಿದ್ದರೆ ಅವರ ಸಂಸ್ಥೆಯನ್ನು ಕೇಳಬೇಕು. ಫೆಡರೇಶನ್ ಸ್ಕ್ವೇರ್‌ನಲ್ಲಿ ಕೂರಿ ಹೆರಿಟೇಜ್ ಟ್ರಸ್ಟ್ ಇದೆ, 1985ರಿಂದ ಕೆಲಸ ಮಾಡುತ್ತಿದೆ. ಅಲ್ಲಿಗೆ ಹೋಗಿ ಸುಮ್ನೆ ಒಂದು ಮಧ್ಯಾಹ್ನ ಗುರಾಣಿಗಳನ್ನು ನೋಡಿಕೊಂಡು ಬನ್ನಿ. ನಕಲು ಮಾಡಲು ಅಲ್ಲ, ಯಾವುದನ್ನು ಮುಟ್ಟಲು ಹೊರಟಿದ್ದೀರಿ ಎಂದು ತಿಳಿಯಲು. ಮೂಲನಿವಾಸಿಗಳೇ ನಡೆಸುವ ಡಿಸೈನ್ ಸ್ಟುಡಿಯೊಗಳನ್ನು ಹುಡುಕಲು ಸಪ್ಲೈ ನೇಷನ್ ಎಂಬ ಸಂಸ್ಥೆಯ ಪಟ್ಟಿ ಇದೆ. ವಿಕ್ಟೋರಿಯಾ ರಾಜ್ಯದ ಪಾರಂಪರಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಗಿದೆ. ಈಗ ಕಥೆ, ಹಾಡು, ವಿನ್ಯಾಸದಂಥ ಕಣ್ಣಿಗೆ ಕಾಣದ ಪರಂಪರೆಯನ್ನೂ ಸಮುದಾಯಗಳು ನೋಂದಾಯಿಸಬಹುದು. ಹಾಗೆ ನೋಂದಾಯಿಸಿದ್ದನ್ನು ಕೇಳದೆ ವ್ಯಾಪಾರಕ್ಕೆ ಬಳಸಿದರೆ ಅಪರಾಧ. ಕ್ಲೈಂಟ್‌ಗೆ ಇದನ್ನು ಹೇಳಿ. ಬೇರೆ ಮಾತು ಕೇಳದವರೂ ಇದನ್ನು ಕೇಳುತ್ತಾರೆ.

ಮಾತಾಡಲು ಹೋದಾಗ ಸ್ಕೆಚ್ ಹಿಡಿದುಕೊಂಡು ಹೋಗಬೇಡಿ. ಸ್ಕೆಚ್ ಕಂಡರೆ ಜನ ಅದಕ್ಕೆ ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತಾರೆ. ಖಾಲಿ ಕೈಯಲ್ಲಿ ಹೋದರೆ ಅವರೇ ಶುರು ಮಾಡುತ್ತಾರೆ. ಈ ಆಸ್ಪತ್ರೆಯ ಹೆಸರಿಗೆ ನಮ್ಮ ಕಥೆ ಸೇರಿಸಬೇಕಾ ಎಂದು ಅವರು ನಿಮ್ಮನ್ನೇ ಕೇಳಬಹುದು. ಅಲ್ಲಿ ತಮ್ಮನ್ನು ಹೇಗೆ ನಡೆಸಿಕೊಂಡರು ಎಂದು ಹೇಳಬಹುದು. ಅದನ್ನು ತಾಳ್ಮೆಯಿಂದ ಕೇಳಿ ಕ್ಲೈಂಟ್‌ಗೆ ತಲುಪಿಸುವುದೂ ನಿಮ್ಮ ಕೆಲಸವೇ. ಹಿರಿಯರ ಸಮಯಕ್ಕೆ ದುಡ್ಡು ಕೊಡಬೇಕು. ನಿಮ್ಮ ಮೀಟಿಂಗ್‌ಗೆ ನೀವು ಬಿಲ್ ಮಾಡುತ್ತೀರಿ ತಾನೇ? ಅವರದ್ದೂ ಹಾಗೆಯೇ, ಚಿತ್ರದ ಶುಲ್ಕದಿಂದ ಬೇರೆ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಬಹಳ ವರ್ಷದ ಹಿಂದೆ ಒಂದು ಪ್ರದರ್ಶನಕ್ಕೆ ಬ್ಯಾನರ್ ಮಾಡುತ್ತಿದ್ದೆ. ಕಲಾವಿದೆಯ ಒಪ್ಪಿಗೆ ಇತ್ತು, ಶುಲ್ಕ ಕೊಟ್ಟಾಗಿತ್ತು, ಹೆಸರು ಹಾಕಿದ್ದೆ. ಚಿತ್ರ ಚೌಕ, ಬ್ಯಾನರ್ ಉದ್ದ. ನಾನು ಮೇಲೆ ಕೆಳಗೆ ಕತ್ತರಿಸಿದೆ. ಶೀರ್ಷಿಕೆಗೆ ಜಾಗ ಸಾಲದೆ ಚಿತ್ರವನ್ನು ಕಾಲು ಸುತ್ತು ತಿರುಗಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಅವರು ಬಂದು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, "ನೀರಿನ ಹೊಂಡ ಎಲ್ಲಿ ಹೋಯಿತು? ಈ ಹೆಣ್ಣುಮಕ್ಕಳು ಈಗ ಎಲ್ಲಿಗೆ ನಡೆಯುತ್ತಿದ್ದಾರೆ?" ಎಂದರು. ನನಗೆ ಅದು ವಿನ್ಯಾಸ. ಅವರಿಗೆ ಅದು ಮೇಲಿನಿಂದ ನೋಡಿದ ಅವರ ನೆಲ. ಹೊಂಡ ಕತ್ತರಿಸಿದ್ದೆ, ದಾರಿಯ ದಿಕ್ಕು ಬದಲಿಸಿದ್ದೆ. ಬ್ಯಾನರ್ ಇಳಿಸಿ ಮತ್ತೆ ಮಾಡಿದೆವು. ಅವರ ಆ ಪ್ರಶ್ನೆ ನನಗೆ ಈಗಲೂ ಕಿವಿಯಲ್ಲಿದೆ.

ಆದ್ದರಿಂದ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಕತ್ತರಿಸುವುದು, ತಿರುಗಿಸುವುದು, ಬಣ್ಣ ಬದಲಿಸುವುದು, ಮೇಲೆ ಅಕ್ಷರ ಅಥವಾ ಲೋಗೊ ಕೂರಿಸುವುದು, ಒಂದು ತುಣುಕನ್ನು ಬಾರ್ಡರ್ ಮಾಡಿ ಪುಟಪುಟಕ್ಕೂ ಹರಡುವುದು: ಪ್ರತಿಯೊಂದನ್ನೂ ಕಲಾವಿದರಿಗೆ ತೋರಿಸಿ, ಅವರು ಒಪ್ಪಿದ ಮೇಲೆಯೇ ಮಾಡಬೇಕು. ಆಸ್ಟ್ರೇಲಿಯಾದಲ್ಲಿ 2000ದಿಂದ ನೈತಿಕ ಹಕ್ಕುಗಳ ಕಾನೂನೂ ಇದೆ. ಕೃತಿಯನ್ನು ಹಾಳುಗೆಡವದಂತೆ ತಡೆಯುವ ಹಕ್ಕು ಕಲಾವಿದರಿಗೆ ಅದರಿಂದ ಸಿಗುತ್ತದೆ. ಚಿತ್ರವನ್ನು ಪೂರ್ತಿ ಕೊಂಡುಕೊಳ್ಳಬೇಡಿ, ಬಳಕೆಗೆ ಲೈಸೆನ್ಸ್ ಪಡೆಯಿರಿ. ಯಾವ ಪುಸ್ತಿಕೆ, ಎಷ್ಟು ವರ್ಷ, ಎಲ್ಲೆಲ್ಲಿ ಎಂದು ಸ್ಪಷ್ಟವಾಗಿರಲಿ. ನಾಳೆ ಕ್ಲೈಂಟ್ ಅದನ್ನೇ ಟೀ ಶರ್ಟಿಗೆ ಹಾಕುತ್ತೇನೆ ಎಂದರೆ ಮತ್ತೆ ಕೇಳಬೇಕು, ಮತ್ತೆ ಕೊಡಬೇಕು. ಕಲಾವಿದರ ಹೆಸರು, ಅವರ ಜನಾಂಗ, ಕೃತಿಯ ಹೆಸರು, ಕಥೆ ಇವಿಷ್ಟು ಅವರದೇ ಮಾತಿನಲ್ಲಿ ಇರಲಿ. ಹಿಂಬದಿಯ ರಟ್ಟಿನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬೇಡ.

ಇನ್ನು ನಿಮ್ಮ ಕೈಚಳಕಕ್ಕೆ ಎಲ್ಲಿ ಜಾಗ? ಅಕ್ಷರದಲ್ಲಿ. ಪುಸ್ತಿಕೆಯಲ್ಲಿ ಮೂಲನಿವಾಸಿ ಭಾಷೆಯ ಪದಗಳು ಬಂದೇ ಬರುತ್ತವೆ. ಆರ್ನೆಮ್ ಲ್ಯಾಂಡ್‌ನ ಯೋಲ್ಙು ಭಾಷೆಗಳಲ್ಲಿ ನಮ್ಮ ಙ ಅಕ್ಷರದ ದನಿ ಇದೆ. ಅದನ್ನು ರೋಮನ್ ಎನ್ ಅಕ್ಷರಕ್ಕೆ ಕೊಕ್ಕೆಯಂಥ ಬಾಲ ಹಚ್ಚಿ ಬರೆಯುತ್ತಾರೆ. ಕೆಲವು ಅಕ್ಷರಗಳ ಅಡಿಗೆ ಗೀಟು ಇರುತ್ತದೆ. ಎಷ್ಟೋ ಫಾಂಟ್‌ಗಳಲ್ಲಿ ಇವು ಇರುವುದಿಲ್ಲ. ಪ್ರೆಸ್ಸಿನಲ್ಲಿ ಅದರ ಜಾಗಕ್ಕೆ ಖಾಲಿ ಡಬ್ಬಿ ಬಂದು ಕೂರುತ್ತದೆ. ನ್ಯೂಜಿಲೆಂಡ್‌ನ ಮಾವೊರಿ ಭಾಷೆಯಲ್ಲಿ ದೀರ್ಘ ಸ್ವರಕ್ಕೆ ಮೇಲೊಂದು ಗೆರೆ ಎಳೆಯುತ್ತಾರೆ. ಗೆರೆಯಿಲ್ಲದ ಕೆಕೆ ಎಂದರೆ ಕೇಕು, ಎರಡಕ್ಕೂ ಗೆರೆ ಹಾಕಿದರೆ ಕೇಕೇ, ಅಂದರೆ ಕಂಕುಳು! ಹ್ರಸ್ವ ದೀರ್ಘದ ಬೆಲೆ ಕನ್ನಡದವರಿಗೆ ಬೇರೆ ಹೇಳಿಕೊಡಬೇಕಿಲ್ಲ. ಫಾಂಟ್ ಆರಿಸುವ ಮೊದಲೇ ಬೇಕಾದ ಅಕ್ಷರಗಳ ಪಟ್ಟಿ ಮಾಡಿಕೊಂಡು ಪರೀಕ್ಷಿಸಿ. ಪದಗಳನ್ನು ಭಾಷೆ ಬಲ್ಲವರಿಂದ ಓದಿಸಿ. ಒಂದು ಚಿತ್ರ ಉಸಿರಾಡುವಂತೆ ಸುತ್ತ ಬಿಳಿ ಜಾಗ ಬಿಡುವುದು, ಕಾಗದ ಆರಿಸುವುದು, ಮಣ್ಣಿನ ಬಣ್ಣ ಅಚ್ಚಿನಲ್ಲಿ ಮಂಕಾಗದಂತೆ ಪ್ರೂಫ್ ಮೇಲೆ ಪ್ರೂಫ್ ತೆಗೆಸುವುದು: ಇದೆಲ್ಲ ನಿಮ್ಮ ಕಸುಬು. ಕ್ವಾಂಟಸ್ ವಿಮಾನಗಳ ಮೇಲಿನ ಚಿತ್ರಗಳನ್ನು ನೋಡಿರಬಹುದು. 1994ರಲ್ಲಿ ಬಾಲರಿಂಜಿ ಸ್ಟುಡಿಯೊ ಒಂದು ಇಡೀ ಜಂಬೊ ವಿಮಾನವನ್ನೇ ಕೆಂಪು ಕಾಂಗರೂಗಳಿಂದ ತುಂಬಿಸಿತು. ಆ ಸ್ಟುಡಿಯೊ ಕಟ್ಟಿದವರಲ್ಲಿ ಒಬ್ಬರು ಯನ್ಯುವಾ ಜನಾಂಗದ ಜಾನ್ ಮೊರಿಯಾರ್ಟಿ. ಚಿತ್ರದ ತೀರ್ಮಾನ ಅವರದಾದಾಗ ಕಸುಬಿನವರೆಲ್ಲ ಸೇರಿ ಎಷ್ಟು ದೊಡ್ಡ ಕೆಲಸ ಮಾಡಬಹುದು ಎಂಬುದಕ್ಕೆ ನನಗೆ ಬಲು ಇಷ್ಟದ ಉದಾಹರಣೆ ಅದು.

ಬಾವುಟಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಕ್ಲೈಂಟ್ ಕೇಳಿಯೇ ಕೇಳುತ್ತಾರೆ. 1971ರಲ್ಲಿ ಹೆರಾಲ್ಡ್ ಥಾಮಸ್ ಮಾಡಿದ ಅಬೊರಿಜಿನಲ್ ಬಾವುಟದ ಕಾಪಿರೈಟ್ ಅನ್ನು ಸರ್ಕಾರ 2022ರಲ್ಲಿ ಕೊಂಡುಕೊಂಡಿತು. ಈಗ ಯಾರು ಬೇಕಾದರೂ ಬಳಸಬಹುದು, ಗೌರವದಿಂದ. ಟೊರೆಸ್ ಸ್ಟ್ರೇಟ್ ದ್ವೀಪದವರ ಬಾವುಟ ಹಾಗಲ್ಲ, ಅದಕ್ಕೆ ಅಲ್ಲಿನ ಪ್ರಾದೇಶಿಕ ಕೌನ್ಸಿಲ್ ಒಪ್ಪಿಗೆ ಬೇಕು.

ಎಲ್ಲವೂ ಮುಚ್ಚಿದ ಬಾಗಿಲು ಎಂದು ಮಾತ್ರ ತಿಳಿಯಬೇಡಿ. ಮಾವೊರಿಗಳಲ್ಲಿ ಮುಖದ ಹಚ್ಚೆ ಆ ಮನುಷ್ಯನ ವಂಶದ ಗುರುತು. ಅದನ್ನು ಬೇರೆಯವರು ಹಾಕಿಸಿಕೊಳ್ಳುವ ಹಾಗಿಲ್ಲ. ಆದರೆ ಹೊರಗಿನವರಿಗೂ ಕೊಡಬಹುದಾದ, ವಂಶದ ಗುರುತಿಲ್ಲದ ಬೇರೆ ಬಗೆಯ ವಿನ್ಯಾಸ ಅವರಲ್ಲಿದೆ. ಅದಕ್ಕೆ ಕಿರಿತುಹಿ ಎಂಬ ಬೇರೆಯೇ ಹೆಸರಿದೆ. ಯಾವುದು ಹಂಚಿಕೊಳ್ಳುವಂಥದ್ದು, ಯಾವುದು ಅಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕೇಳಿದರೆ ಹೇಳುತ್ತಾರೆ.

ಕ್ಲೈಂಟ್ ಜೊತೆ ಮಾತು ಹೀಗೆ ಶುರು ಮಾಡಿ. "ನೋಡಿದ ತಕ್ಷಣ ಅಬೊರಿಜಿನಲ್ ಅಂತ ಗೊತ್ತಾಗಬೇಕು ಎಂದಿರಿ. ಯಾರಿಗೆ ಗೊತ್ತಾಗಬೇಕು? ನಿಮ್ಮ ಆಸ್ಪತ್ರೆಗೆ ಬರುವ ವುರುಂಡ್ಜೆರಿ ಅಜ್ಜಿಗೆ ಇದು ನಮ್ಮ ನೆಲದ್ದು ಅನಿಸಬೇಕಲ್ವಾ?" ನನ್ನ ಅನುಭವದಲ್ಲಿ ಬಹಳಷ್ಟು ಕ್ಲೈಂಟ್‌ಗಳು ಇಲ್ಲಿ ಮೆತ್ತಗಾಗುತ್ತಾರೆ. ಅವರೂ ಕೆಟ್ಟದ್ದು ಬಯಸಿದವರಲ್ಲ, ಯಾರೂ ಹೇಳಿಕೊಟ್ಟಿರುವುದಿಲ್ಲ ಅಷ್ಟೇ. ಆಮೇಲೆ ಸಮಯದ ಮಾತಾಡಿ. ಪುಸ್ತಿಕೆಗೆ ಇನ್ನೂ ಕೆಲವು ತಿಂಗಳು ಕೇಳಿ. ಸಮುದಾಯದಲ್ಲಿ ಒಂದು ಸಾವಾದರೆ ಎಲ್ಲ ಮಾತುಕತೆ ನಿಲ್ಲುತ್ತದೆ, ನಿಲ್ಲಬೇಕು. ಆ ಪುರುಸೊತ್ತು ವೇಳಾಪಟ್ಟಿಯಲ್ಲೇ ಇರಲಿ.

ಜುಲೈನ ಪೋಸ್ಟರ್‌ಗೆ ಕಾಯಲು ಆಗುವುದಿಲ್ಲ ಎಂದರೆ ಬೇರೆ ದಾರಿ ಇದೆ. ನೈಡಾಕ್ ಸಮಿತಿ ಪ್ರತಿವರ್ಷ ಮೂಲನಿವಾಸಿ ಕಲಾವಿದರ ನಡುವೆ ಸ್ಪರ್ಧೆ ನಡೆಸಿ ರಾಷ್ಟ್ರೀಯ ಪೋಸ್ಟರ್ ಹೊರಡಿಸುತ್ತದೆ. ಅದರ ಷರತ್ತುಗಳನ್ನು ಓದಿ, ಇದ್ದ ಹಾಗೆಯೇ ಅಂಟಿಸಿ. ಆಸ್ಪತ್ರೆಯ ಕಾರ್ಯಕ್ರಮದ ವಿವರವನ್ನು ಬೇರೆ ಹಾಳೆಯಲ್ಲಿ ಹಾಕಿ ಪಕ್ಕದಲ್ಲಿಡಿ.

ಪುಸ್ತಿಕೆಗೆ ಸಮುದಾಯದವರು ಈ ಸಲ ಬೇಡ ಎಂದೂ ಹೇಳಬಹುದು. ಹಾಗಾದರೆ ಯಾವ ಚಿತ್ರವೂ ಇಲ್ಲದೆ ಮುಖಪುಟ ಮಾಡಿ. ಒಳ್ಳೆಯ ಕಾಗದ, ಒಂದೇ ಬಣ್ಣ, ಅಕ್ಷರ ಮಾತ್ರ. ಆ ನೆಲದ ಜನರ ಹೆಸರನ್ನು ಅವರೇ ಬರೆಯುವ ಕಾಗುಣಿತದಲ್ಲಿ ಮುಖಪುಟದಲ್ಲೇ ಹಾಕಿ, ಅವರಿಗೆ ಒಮ್ಮೆ ತೋರಿಸಿ ಅಚ್ಚಿಗೆ ಕಳಿಸಿ.